ಏಂಜಲ್ಲಿಗೊಂದು ದೃಷ್ಟಿಬೊಟ್ಟು

ಧನುರ್ಮಾಸ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಹುಗ್ಗಿಯ ವಾಸನೆ, ಮಧ್ಯಾಹ್ನ ಮೈದಾ ಗೋಂದಿನ ವಾಸನೆ. ಒಲೆ ಅದೇ, ಕೈಯೂ ಅದೇ, ಪಾತ್ರೆ ಮಾತ್ರ ಬೇರೆ. ಮೆಣಸು ಜೀರಿಗೆ ತುಪ್ಪದಲ್ಲಿ ಚಟಪಟ ಎಂದ ಜಾಗದಲ್ಲೇ, ಊಟ ಮುಗಿದು ಕಟ್ಟೆ ಒರೆಸಿದ ಮೇಲೆ, ನಮ್ಮ ಶಾರದಕ್ಕ ಹಿಡಿ ಮುರಿದ ಹಳೇ ಬಾಣಲೆಯಲ್ಲಿ ಮೈದಾಹಿಟ್ಟು ಕದಡಿ, ಜಿರಲೆ ಬಾಯಿ ಹಾಕದಿರಲೆಂದು ಚಿಟಿಕೆ ಮೈಲುತುತ್ತು ಬೆರೆಸಿ, ಗಂಟಾಗದ ಹಾಗೆ ತಿರುವುತ್ತ ನಿಲ್ಲುತ್ತಾಳೆ. ತಿಳಿನೀಲಿ ಬಣ್ಣಕ್ಕೆ ತಿರುಗಿ ಗುಳುಗುಳು ಕುದಿಯುವ ಆ ಗಂಜಿಯನ್ನು ನೋಡಿ, ಇದರಿಂದ ಸಂಜೆಯೊಳಗೆ ದೇವದೂತರು ಹುಟ್ಟುತ್ತಾರೆಂದು ನೀವು ಊಹಿಸಲಾರಿರಿ. ಆದರೆ ಹುಟ್ಟುತ್ತಾರೆ, ನಮ್ಮ ನಡುಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಸಾಲಾಗಿ ತೂಗುತ್ತಾರೆ.

ಭಾವ ತೀರಿಕೊಂಡ ಮೇಲೆ ಅಕ್ಕನೂ, ಮದುವೆಯ ಗೋಜಿಗೇ ಹೋಗದ ನಾನೂ ಚಾಮರಾಜಪೇಟೆಯ ಈ ಫ್ಲ್ಯಾಟಿನಲ್ಲಿ ಒಟ್ಟಿಗಿದ್ದೇವೆ. ಕೆಳಗಿನ ಮನೆಯ ಸ್ಟೆಲ್ಲಾ ಮಿಸ್ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವರು. ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ಸಿನ ಮಾರಾಟಕ್ಕೆ ಕಾಗದದ ಏಂಜಲ್ಲುಗಳನ್ನು ಮಾಡಿಕೊಡಲು ಕೈ ಸಾಲದೆ, ಪ್ರತಿವರ್ಷ ನಮ್ಮನೆಯ ದಸರಾ ಗೊಂಬೆಗಳನ್ನು ಕಣ್ಣರಳಿಸಿ ನೋಡುತ್ತಿದ್ದ ಆಕೆಗೆ ಅಕ್ಕನ ನೆನಪಾಯಿತು. ವಿದ್ಯೆ ಸರಳವಾದದ್ದು. ಅರ್ಧಚಂದ್ರಾಕಾರದ ಕಾಗದ ಸುತ್ತಿ ಅಂಟಿಸಿದರೆ ನಿಲುವಂಗಿ. ಬೀಸಣಿಗೆಯ ಹಾಗೆ ಮಡಿಕೆ ಹಾಕಿ ನಡುವೆ ದಾರ ಬಿಗಿದರೆ ರೆಕ್ಕೆ. ಹಳೇ ಪೇಪರನ್ನು ನೆನೆಸಿ ಉಂಡೆ ಕಟ್ಟಿ ಮೇಲೆ ಬಿಳಿ ಕಾಗದ ಮೆತ್ತಿದರೆ ತಲೆ. ರೆಕ್ಕೆ ಯಾಕೆ ಬೇಕು, ನಮ್ಮ ಗಂಧರ್ವರೆಲ್ಲ ಹಾಗೇ ಹಾರಾಡಲ್ವಾ ಎಂದು ಅಕ್ಕ ಒಂದು ಸಲ ತಕರಾರು ತೆಗೆದಳು. ಆಮೇಲೆ ಆಕೆಯೇ ಮಾಮೂಲ್‌ಪೇಟೆಗೆ ಹೋಗಿ ಜರಿದಾರ, ಮಣಿ ತಂದು ಸುರಿದಳು. ಕಾಗದಕ್ಕೇನೂ ಬರವಿರಲಿಲ್ಲ. ನಮ್ಮಂಥವರ ಮನೆಯಲ್ಲಿ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವೆ, ಮೇಲೆ ಗಣಪತಿ ಇರುತ್ತಾನಾದ್ದರಿಂದ ಕಸಕ್ಕೆ ಹಾಕುವಂತಿಲ್ಲ, ಇಟ್ಟುಕೊಂಡು ಏನು ಮಾಡಬೇಕೋ ಯಾರಿಗೂ ತಿಳಿಯದು. ಅಕ್ಕ ಗಣಪತಿಯನ್ನು ಮಾತ್ರ ಜೋಪಾನವಾಗಿ ಕತ್ತರಿಸಿ ಬೇರೆ ತೆಗೆದಿಟ್ಟು, ಮಿಕ್ಕಿದ್ದನ್ನೆಲ್ಲ ರೆಕ್ಕೆ ಮಾಡಿದಳು. ಹಾಗಾಗಿ ನಮ್ಮ ದೇವದೂತರ ಬೆನ್ನ ಮೇಲೆ ಚಿನ್ನದ ಅಕ್ಷರದಲ್ಲಿ ಯಾರ್ಯಾರದೋ ಮಗಳ, ಮೊಮ್ಮಗನ ಅರ್ಧರ್ಧ ಹೆಸರುಗಳಿರುತ್ತವೆ. ಅವರಲ್ಲಿ ಕೆಲವರು ಈಗ ಇಲ್ಲ. ಹೀಗೆ ತೀರಿಹೋದವರ ಹೆಸರು ತಲೆಯ ಮೇಲೆ ತಿರುಗುತ್ತಿರುವಾಗ ಕೆಳಗೆ ಕೂತು ಕಾಫಿ ಕುಡಿಯುವುದು ಅಭ್ಯಾಸವಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು.

"ಏಂಜಲ್ಲೋ ಎಂಜಲೋ, ಮೊದ್ಲು ಕೈ ತೊಳ್ಕೊಂಡು ಬಂದು ಕೂತ್ಕೋ" ಎಂದು ನನ್ನನ್ನು ಗದರುತ್ತಿದ್ದ ಅಕ್ಕನಿಗೂ ಸ್ಟೆಲ್ಲಾ ಮಿಸ್‌ಗೂ ಭಿನ್ನಾಭಿಪ್ರಾಯ ಬಂದದ್ದು ಮುಖದ ವಿಷಯದಲ್ಲಿ. ಮಿಸ್ ಕಲಿಸಿದ ಏಂಜಲ್ಲಿಗೆ ಮುಖವಿರಲಿಲ್ಲ, ಬರೀ ಬಿಳಿ ಉಂಡೆ.

"ಮುಖ ಬೇಡ ಆಂಟಿ, ಪ್ಲೇನಾಗಿದ್ರೇನೇ ಚೆನ್ನಾಗಿರತ್ತೆ" ಎಂದರು ಅವರು.

"ಕಣ್ಣಿಲ್ಲದ್ದನ್ನ ಮನೇಲಿ ನೇತು ಹಾಕ್ಬಾರ್ದು ಸ್ಟೆಲ್ಲಾ. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?" ಎಂದಳು ಅಕ್ಕ. ಮಿಸ್ ನಕ್ಕರು.

ಮಾರನೆಯ ದಿನ ಅಕ್ಕ ಸಣ್ಣ ಕುಂಚದಲ್ಲಿ ಕಣ್ಣು, ಹುಬ್ಬು, ತುಟಿ ಬರೆದಳು. ಎಲ್ಲ ಮುಗಿದ ಮೇಲೆ ಕಾಡಿಗೆ ಡಬ್ಬಿಗೆ ಬೆರಳದ್ದಿ ಒಂದು ದೃಷ್ಟಿಬೊಟ್ಟನ್ನೂ ಇಟ್ಟಳು. ದೇವದೂತರಿಗೆ ಯಾರ ಕಣ್ಣು ಬೀಳುತ್ತದೆ ಹೇಳಿ! ನಾನು ಜೋರಾಗಿ ನಕ್ಕೆ, ನಗುತ್ತಲೇ ಒಂದನ್ನು ದಾರ ಹಿಡಿದು ಮುಖದೆದುರಿಗೆ ಎತ್ತಿದೆ, ನಗು ಅಲ್ಲಿಗೇ ನಿಂತಿತು. ಬೊಟ್ಟು ಕೆನ್ನೆಯ ಮೇಲಿರಲಿಲ್ಲ, ಹಣೆಯ ಮೇಲೂ ಇರಲಿಲ್ಲ. ನನಗೆ ಎಡಗಡೆಗೆ, ಕಿವಿ ಇರಬೇಕಾದ ಜಾಗಕ್ಕೆ ಸ್ವಲ್ಪ ಹಿಂದೆ, ಸಾಸಿವೆಯಷ್ಟು ಕಪ್ಪಾಗಿ ಕೂತಿತ್ತು. ನನಗರಿವಿಲ್ಲದೆ ನನ್ನ ಕೈ ನನ್ನ ಎಡಗಿವಿಯ ಹಿಂದಕ್ಕೆ ಹೋಯಿತು.

ಅಲ್ಲೇನಿದೆ ಎಂದು ನಿಮಗೆ ಹೇಳಿಬಿಡುತ್ತೇನೆ. ನಾನು ಹುಟ್ಟುವ ಮುಂಚೆ ನಮ್ಮ ಮನೆಯಲ್ಲಿ ಒಬ್ಬ ಹುಡುಗನಿದ್ದ, ಅಕ್ಕನ ಬೆನ್ನಿಗೆ ಹುಟ್ಟಿದವನು, ನಾರಾಯಣ ಎಂದು ಹೆಸರು, ಎಲ್ಲರ ಬಾಯಲ್ಲಿ ನಾಣಿ. ನಾಲ್ಕು ವರ್ಷದ ಮಗು ಜ್ವರ ಬಂದು ಹೋಗಿಬಿಟ್ಟಿತು. ಚಿಕ್ಕ ಮಕ್ಕಳ ಪಟ ತೆಗೆಸಿದರೆ ಆಯಸ್ಸು ಕುಗ್ಗುತ್ತದೆಂದು ಅಜ್ಜಿ ಅವನದೊಂದು ಫೋಟೋ ಕೂಡ ತೆಗೆಸಗೊಟ್ಟಿರಲಿಲ್ಲ. ಬಸವನಗುಡಿಯ ಆ ಮನೆಯಿಂದ ಮಗುವನ್ನು ಎತ್ತಿಕೊಂಡು ಹೋಗುವ ಮುಂಚೆ ಅಜ್ಜಿ ಅದರ ಕಿವಿಯ ಹಿಂದೆ ಕಾಡಿಗೆ ಒತ್ತಿದಳಂತೆ, ತಿರುಗಿ ಬಂದಾಗ ಗುರುತು ಸಿಗಲಿ ಎಂದು. ಆವತ್ತಿನಿಂದ ಅಮ್ಮ ಊಟ ಬಿಟ್ಟಳು, ಮಾತು ಬಿಟ್ಟಳು, ಬಸುರಿಯಾದರೂ ಗೋಡೆ ನೋಡುತ್ತ ಮಲಗಿದಳು. ಮಾರನೆಯ ವರ್ಷ ನಾನು ಹುಟ್ಟಿದೆ. ಗಂಡೋ ಹೆಣ್ಣೋ ಎಂದು ನೋಡುವ ಮುಂಚೆ ನನ್ನ ಕಿವಿ ಮಡಿಸಿ ನೋಡಿದರಂತೆ. ಎಡಗಿವಿಯ ಹಿಂದೆ ಕಪ್ಪು ಮಚ್ಚೆ ಇತ್ತು. ಅಮ್ಮ ಎದ್ದು ಕೂತು ಅನ್ನ ಕೇಳಿದಳು.

ಹಾಗೆ ನಾನು ಹುಟ್ಟಲಿಲ್ಲ, ವಾಪಸ್ಸು ಬಂದೆ. ನನ್ನನ್ನು ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯಾಕೆಗೆ ಕೊಟ್ಟಂತೆ ಮಾಡಿ, ಹಿಡಿ ತೌಡಿಗೆ ಮತ್ತೆ ಕೊಂಡುಕೊಂಡರು. ಹೀಗೆ ಅಗ್ಗವಾದ ಮಗುವನ್ನು ಯಮನೂ ಕೇಳುವುದಿಲ್ಲವಲ್ಲ. ನಾಗವೇಣಿ ಎಂದು ಹೆಸರಿಟ್ಟರು, ಆದರೆ ಅಮ್ಮನ ಬಾಯಲ್ಲಿ ಅದು ನಾಣಿ ಎಂದೇ ಆಯಿತು, ಅಮ್ಮನಿಂದ ಅಜ್ಜಿಗೆ, ಅಪ್ಪನಿಗೆ, ಬೀದಿಗೆ ಹರಡಿತು. ನಾಣಿಗೆ ಮೊಸರನ್ನ ಇಷ್ಟವಿತ್ತು, ನಾನು ಮೊಸರನ್ನ ತಿಂದಾಗ ದೊಡ್ಡವರು ಮುಖ ಮುಖ ನೋಡಿಕೊಂಡರು. ನಾಣಿ ಗುಡುಗಿಗೆ ಹೆದರುತ್ತಿದ್ದ, ನಾನು ಹೆದರದೆ ಇದ್ದಾಗ ಅಮ್ಮನ ಮುಖ ಬಾಡಿತು, ಮುಂದಿನ ಗುಡುಗಿಗೆ ನಾನು ಹೆದರಿದೆ. ಮುಂದೆ ಓದಿ, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಕೆಲಸ ಹಿಡಿದೆ. ಆನುವಂಶಿಕತೆಯ ಬಗ್ಗೆ ಖಡಾಖಂಡಿತವಾಗಿ ಒಂದು ಗಂಟೆ ಮಾತಾಡಿ, ಹೊರಗೆ ಬಂದು, ಕಿವಿಯ ಹಿಂದೆ ಬೆರಳಾಡಿಸಿಕೊಳ್ಳುತ್ತಿದ್ದೆ. ಅಮ್ಮ ಹೋಗಿ ಎಷ್ಟೋ ವರ್ಷಗಳಾದವು, ಕೊನೆಯ ಉಸಿರಿನವರೆಗೂ ನನ್ನನ್ನು ನಾಣಿ ಎಂದೇ ಕರೆದಳು. ಮನೆಯಲ್ಲಿ ನನ್ನನ್ನು ವೇಣಿ ಎಂದವಳು ಶಾರದಕ್ಕ ಒಬ್ಬಳೇ.

ಈಗ ಆ ಅಕ್ಕನೇ ಕಾಗದದ ತಲೆಗಳಿಗೆ ಅದೇ ಜಾಗದಲ್ಲಿ ಕಾಡಿಗೆ ಇಡುತ್ತಿದ್ದಳು. ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಕೇಳಲು ಭಯವಾಯಿತು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ತಲೆ ಬಾಚಿ ಜಡೆ ಹಾಕಿದವಳು ಇವಳು. ಅಷ್ಟು ವರ್ಷ ಅವಳು ಎತ್ತಿಕೊಂಡದ್ದು ನನ್ನನ್ನೋ, ನನ್ನೊಳಗಿದ್ದಾನೆಂದು ನಂಬಿದ ಅವನನ್ನೋ? ಮಿಕ್ಕವರೆಲ್ಲ ಏನು ಬೇಕಾದರೂ ಅಂದುಕೊಳ್ಳಲಿ, ಇವಳೂ ಹಾಗೇ ಅಂದುಕೊಂಡಿದ್ದರೆ ನನ್ನನ್ನು ನಾನೆಂದು ಪ್ರೀತಿಸಿದವರು ಈ ಜಗತ್ತಿನಲ್ಲಿ ಒಬ್ಬರೂ ಇಲ್ಲ ಎಂದಾಯಿತು.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಆದರೆ ಆ ಮುಖ ಬೆಳೆಯತೊಡಗಿತು. ಮೊದಲ ವರ್ಷ ಎಲ್ಲ ಏಂಜಲ್ಲುಗಳಿಗೂ ಒಂದೇ ಮಗುವಿನ ಮುಖ. ಏಂಜಲ್ಲು ಎಂದರೆ ಮಗುವೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಎರಡನೆಯ ವರ್ಷ ಗಲ್ಲ ಉದ್ದವಾಗಿ, ಮೇಲ್ತುಟಿಯ ಮೇಲೆ ಸಣ್ಣದಾಗಿ ಮೀಸೆ ಮೂಡಿತ್ತು. ಮೀಸೆಯ ಏಂಜಲ್ಲನ್ನು ಕಂಡು ಸ್ಟೆಲ್ಲಾ ಮಿಸ್ "ಡಿಫರೆಂಟಾಗಿದೆ ಆಂಟಿ" ಎಂದು ಮರ್ಯಾದೆಯಿಂದ ತೆಗೆದುಕೊಂಡು ಹೋದರು, ಆಶ್ಚರ್ಯವೆಂದರೆ ಅವೇ ಮೊದಲು ಖರ್ಚಾದವು. ಹೋದ ವರ್ಷ ಹಣೆ ಅಗಲವಾಯಿತು, ಕಣ್ಣಿನ ಕೆಳಗೆ ಗೆರೆ ಬಿತ್ತು. ಈ ವರ್ಷ ಕೂದಲಿಗೆ ಅಕ್ಕ ಬೂದುಬಣ್ಣ ಕಲಸಿಕೊಂಡದ್ದನ್ನು ಕಂಡಾಗ ನನಗೆ ಲೆಕ್ಕ ಹೊಳೆಯಿತು. ಅವನು ಅವಸರ ಅವಸರವಾಗಿ ದೊಡ್ಡವನಾಗುತ್ತ ನಮ್ಮ ವಯಸ್ಸಿಗೆ ಬಂದು ಮುಟ್ಟುತ್ತಿದ್ದ. ಬಂದು ಮುಟ್ಟಿದ ಮೇಲೆ ಅವನ ಜಾಗ ಬಿಡು ಎಂದು ನನಗೆ ಹೇಳುತ್ತಾರೇನೋ ಅನ್ನಿಸಿತು. ವಿಜ್ಞಾನ ಓದಿದವಳು ಹೀಗೆ ಯೋಚಿಸಬಾರದು. ಯೋಚಿಸಿದೆ, ಏನು ಮಾಡಲಿ?

ಮೊನ್ನೆ ಮಧ್ಯಾಹ್ನ ಹಗ್ಗದ ತುಂಬ ಅವನೇ ಇದ್ದ. ಕಾಗದ ಹಾರುತ್ತದೆಂದು ಫ್ಯಾನು ಹಾಕಿರಲಿಲ್ಲ, ಕಿಟಕಿ ಮುಚ್ಚಿತ್ತು, ಬೀದಿಯಲ್ಲಿ ಸೊಪ್ಪಿನವಳ ಕೂಗೂ ನಿಂತುಹೋಗಿತ್ತು. ನಾನು ದೂರದ ಕುರ್ಚಿಯಲ್ಲಿ ಕೂತು ಓದುತ್ತಿದ್ದೆ. ತಲೆ ಎತ್ತಿದಾಗ ಅತ್ತ ಇತ್ತ ತಿರುಗಿ ಒಣಗುತ್ತಿದ್ದವೆಲ್ಲ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದವು. ಅಡುಗೆಮನೆಯ ವೆಂಟಿಲೇಟರಿನ ಗಾಳಿ ಇರಬೇಕು, ದಾರದ ಹುರಿ ಬಿಚ್ಚಿಕೊಳ್ಳುವ ರೀತಿ ಇರಬೇಕು. ಅಷ್ಟು ಹೊತ್ತಿಗೆ ಅಕ್ಕ, ಕೆಲಸದಿಂದ ಕಣ್ಣು ಎತ್ತದೆ, ಕೈ ಮಾತ್ರ ಪಕ್ಕಕ್ಕೆ ಚಾಚಿ, "ನಾಣಿ, ಆ ಕತ್ತರಿ ಕೊಡು" ಎಂದಳು.

ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಕತ್ತರಿ ಕೊಟ್ಟೆ, ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಅಕ್ಕ ಕತ್ತರಿ ನೋಡಿದಳು, ನನ್ನನ್ನು ನೋಡಿದಳು. "ನೀನ್ಯಾಕೆ ಎದ್ದು ಬಂದೆ ವೇಣಿ?"

"ಕತ್ತರಿ ಕೇಳಿದ್ಯಲ್ಲ."

"ನಿನ್ನ ಕೇಳ್ಲಿಲ್ಲ" ಎಂದಳು, ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಾದಾ ದನಿಯಲ್ಲಿ.

ನಾನು ಅವಳ ಎದುರಿಗೆ ನೆಲದ ಮೇಲೆ ಕೂತುಬಿಟ್ಟೆ. "ಅಕ್ಕ, ಇವು ಯಾರ ಮುಖ?"

"ಇನ್ಯಾರದು, ನಾಣೀದು."

"ಅವನು ನಾಲ್ಕು ವರ್ಷಕ್ಕೆ ಹೋದ. ಇದು ಮುದುಕನ ಮುಖ."

"ಮತ್ತೆ? ಅವನಿಗೂ ವಯಸ್ಸಾಗಲ್ವಾ?"

"ಹೀಗೇ ಆಗತ್ತೆ ಅಂತ ನಿಂಗೆ ಹೇಗೆ ಗೊತ್ತು?"

"ನಿನ್ನ ನೋಡ್ಕೊಂಡು ಬರೀತೀನಿ. ಒಡಹುಟ್ಟಿದೋರು, ಹೆಚ್ಚು ಕಮ್ಮಿ ಹೀಗೇ ಆಗಿರ್ತಾನೆ."

ಒಡಹುಟ್ಟಿದವರು ಎಂಬ ಮಾತು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತಾಯಿತು. "ನಾನೇ ಅವನು ಅಂತಾರಲ್ಲ ಎಲ್ರೂ" ಎಂದೆ.

ಅಕ್ಕ ಕುಂಚವನ್ನು ನೀರಲ್ಲಿ ಅದ್ದಿಟ್ಟಳು. "ಅಜ್ಜಿ ಕಾಡಿಗೆ ಒತ್ತಿದ್ದು ಬಲಗಿವಿಗೆ ಕಣೇ. ಡಬ್ಬಿ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದೋಳು ನಾನು. ನೀನು ಹುಟ್ಟಿದಾಗ ಎಡಗಿವೀಲಿ ಮಚ್ಚೆ ಕಂಡು, ಎಡಕ್ಕೇ ಇಟ್ಟಿದ್ದು ಅಂತ ಎಲ್ರೂ ಹೇಳೋಕೆ ಶುರು ಮಾಡಿದ್ರು, ಅಜ್ಜೀನೂ ಹೌದು ಅಂದ್ಲು. ನಾನು ಹೇಳೋಣ ಅಂತ ಬಾಗಿಲ ಹತ್ರ ಹೋದೆ. ಅಮ್ಮ ಅನ್ನ ಕಲಸ್ತಾ ಇದ್ಲು. ಸುಮ್ನಾದೆ."

ನಾನು ಎದ್ದು ಇನ್ನೂ ಗೋಂದು ಆರದ ಒಂದು ಏಂಜಲ್ಲನ್ನು ಕೈಗೆ ತೆಗೆದುಕೊಂಡೆ. ಎದುರಿಗೆ ನಿಂತವನ ಬಲಗಿವಿ ನನಗೆ ಎಡಗಡೆಗೆ ಕಾಣುತ್ತದೆ. ಪುಸ್ತಕದ ಚಿತ್ರದಲ್ಲಿ ಹೃದಯದ ಎಡಭಾಗ ನಿಮ್ಮ ಬಲಗೈ ಕಡೆಗಿರುತ್ತದೆ ಎಂದು ತಲೆತಲಾಂತರದ ವಿದ್ಯಾರ್ಥಿಗಳಿಗೆ ಬಡಬಡಿಸಿದ ನಾನು, ಇಷ್ಟು ವರ್ಷ ಆ ಬೊಟ್ಟನ್ನು ಕನ್ನಡಿ ನೋಡಿಕೊಂಡಂತೆ ನೋಡಿದ್ದೆ. ಅದು ಮೊದಲಿನಿಂದಲೂ ಅವನ ಬಲಗಿವಿಯಲ್ಲೇ ಇತ್ತು.

"ನನಗೆ ಯಾವತ್ತೂ ಯಾಕೆ ಹೇಳ್ಲಿಲ್ಲ?"

"ನಿನ್ನ ವೇಣಿ ಅಂತಾನೇ ಕರೆದೆನಲ್ಲ" ಎಂದಳು. ಇನ್ನೇನು ಹೇಳಬೇಕಿತ್ತು ಎಂಬಂತೆ ಮುಖ ನೋಡಿದಳು. ಆಮೇಲೆ ತೂಗುತ್ತಿದ್ದವುಗಳ ಕಡೆ ತಿರುಗಿ, "ಅವನು ಬರ್ಲೇ ಇಲ್ಲ, ನೋಡು. ಬಂದಿದಾನೆ ಅಂತ ಮನೇವ್ರೆಲ್ಲ ಬಾಗಿಲು ಹಾಕ್ಕೊಂಡುಬಿಟ್ರು. ಎಲ್ಲೋ ಯಾರ ಮನೇಲೋ ಇರ್ಬೇಕು. ಇವು ಊರ ತುಂಬ ಹೋಗ್ತಾವಲ್ಲ, ಯಾವ್ದಾದ್ರೂ ಒಂದು ಅವನ ಮನೆಗೆ ಹೋಗತ್ತೆ. ತನ್ನ ಮುಖ ತಾನೇ ಗುರುತು ಹಿಡೀತಾನೆ" ಎಂದಳು.

ನನ್ನ ಅಕ್ಕನಿಗೆ ಬುದ್ಧಿ ಸರಿಯಾಗಿಯೇ ಇದೆ. ಹಾಲಿನವನ ತಪ್ಪು, ಕರೆಂಟು ಬಿಲ್ಲಿನ ತಪ್ಪು ಈಗಲೂ ಹಿಡಿಯುವವಳು ಅವಳೇ. ಆದ್ದರಿಂದಲೇ ಅವಳು ಹೇಳಿದ್ದನ್ನು ತಳ್ಳಿಹಾಕುವುದು ನನ್ನಿಂದ ಆಗಲಿಲ್ಲ. ಮಲ್ಲೇಶ್ವರದಲ್ಲೋ ಹನುಮಂತನಗರದಲ್ಲೋ ಯಾರದೋ ಮನೆಯ ಕಿಟಕಿಯಲ್ಲಿ ಈಗಲೂ ತಿರುಗುತ್ತಿರುವ ಮಗುವಿನ ಮುಖದ, ಮೀಸೆಯ ಮುಖದ ಏಂಜಲ್ಲುಗಳನ್ನು ನೆನೆದೆ. ಅವುಗಳ ಮುಂದೆ ಒಬ್ಬ ಅಪರಿಚಿತ ಬಂದು ನಿಂತು, ಯಾಕೆಂದು ತಿಳಿಯದೆ ಬಲಗಿವಿಯ ಹಿಂದೆ ಕೈಯಿಟ್ಟುಕೊಳ್ಳುವುದನ್ನು ನೆನೆದೆ. ಕೂದಲು ನಿಮಿರಿತು. ಸಂತೋಷವೂ ಆಯಿತು, ಅದನ್ನೂ ಹೇಳಬೇಕು: ನಾನು ನಾನೇ, ಆರಂಭದಿಂದಲೂ ನಾನೇ, ಅದು ಗೊತ್ತಿದ್ದೂ ನನ್ನನ್ನು ಎತ್ತಿಕೊಂಡವಳು ಇಲ್ಲಿ ಕೂತಿದ್ದಾಳೆ. ಆದರೆ ಆ ಸಂತೋಷದ ಹಿಂದೆಯೇ ಇನ್ನೊಂದು ಬಂತು. ನಾನೇ ಅವನಾಗಿದ್ದಾಗ ನನಗೆ ಅಣ್ಣನಿರಲಿಲ್ಲ, ಅವನು ಸತ್ತೂ ಇರಲಿಲ್ಲ. ಈ ವಯಸ್ಸಿನಲ್ಲಿ, ಮೈದಾ ಗೋಂದು ಹತ್ತಿದ ಕೈಯಲ್ಲಿ, ನನಗೆ ಮೊಟ್ಟಮೊದಲ ಸಲ ಒಬ್ಬ ಅಣ್ಣ ಸಿಕ್ಕಿದ, ಸಿಕ್ಕ ಕ್ಷಣದಲ್ಲೇ ನಾಲ್ಕು ವರ್ಷದ ಮಗುವಾಗಿ ತೀರಿಕೊಂಡ. ನಾನು ಅತ್ತೆ. ಮನೆಯಲ್ಲಿ ಅವನಿಗಾಗಿ ನಾನು ಅತ್ತದ್ದು ಅದೇ ಮೊದಲು.

ಅಕ್ಕ ಅಳಬೇಡ ಎನ್ನಲಿಲ್ಲ. ಸೆರಗಿನಿಂದ ನನ್ನ ಕೈಗಂಟಿದ ಗೋಂದು ಒರೆಸಿದಳು. ಆಮೇಲೆ ಅಮ್ಮನ ಪಟ ತೂಗುಹಾಕಿದ ಒಳಕೋಣೆಯ ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ."

"ಇಲ್ಲ" ಎಂದೆ. "ಹೇಳಲ್ಲ."