ಬಿಲ್ಲೆಯ ಮೇಲಿನ ಮೂರು ಗೆರೆ

ನಾನು ಮಾಡಿದ ಕೀಟಲೆಗಳನ್ನೆಲ್ಲ ಊರಿಗೆಲ್ಲ ಹೇಳಿಕೊಂಡು ಬಂದವನು. ಕೆಲಸದಲ್ಲಿದ್ದಾಗ ಸಾಹೇಬರ ಕುರ್ಚಿಗೆ ಗೆಜ್ಜೆ ಕಟ್ಟಿದ್ದು ನಾನೇ. ಸಿಕ್ಕಿಬಿದ್ದಾಗ ಅವರನ್ನೇ ನಗಿಸಿ ಪಾರಾದದ್ದೂ ನಾನೇ. ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಶಿವನಿ ಊರಿನ ನಮ್ಮ ಮನೆಯ ತಗಡಿನ ಮಾಡು ಸಂಜೆ ಬಿಸಿಲಿಳಿದಾಗ ಟಿಕ್ ಟಿಕ್ ಎನ್ನುತ್ತದೆ. ಆಗೆಲ್ಲ ಅದು ನೆನಪಾಗುತ್ತದೆ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಫರ್ನೇಸು ನೋಡಿಕೊಳ್ಳುತ್ತಿದ್ದೆ. ತರೀಕೆರೆಯ ಗೆಳೆಯನೊಬ್ಬ ಅಲ್ಲೇ ವಿಮಾನದ ಎಂಜಿನ್ ಬ್ಲೇಡುಗಳಿಗೆ ಕೋಟಿಂಗ್, ಅಂದರೆ ಲೋಹದ ಲೇಪ, ತಯಾರಿಸುತ್ತಿದ್ದ. ಬ್ಲೇಡಿನ ನಿಕ್ಕಲ್ ಮಿಶ್ರಲೋಹ ಎಷ್ಟೇ ಗಟ್ಟಿಯಾದರೂ ಆ ಉರಿಯಲ್ಲಿ ಗಾಳಿ ಅದನ್ನು ತಿನ್ನುತ್ತದೆ. ಲೇಪದಲ್ಲಿರುವ ಅಲ್ಯುಮಿನಿಯಂ ತಾನೇ ಮೊದಲು ಗಾಳಿಗೆ ಸಿಕ್ಕಿ, ತೆಳ್ಳನೆಯ ಪೊರೆಯಾಗಿ ಒಳಗಿನದನ್ನು ಕಾಯುತ್ತದೆ. ಪೊರೆ ಉದುರಿದರೆ ಕಥೆ ಮುಗಿಯಿತು. ಅದಕ್ಕೇ ಪರೀಕ್ಷೆಗೆಂದು ಲೇಪ ಹಾಕಿದ ಅಂಗೈಯಗಲದ ಲೋಹದ ಬಿಲ್ಲೆಯನ್ನು ದಿನಾ ಫರ್ನೇಸಿನಲ್ಲಿ ಕಾಯಿಸಿ, ಆರಿಸಿ, ತೂಗುತ್ತಿದ್ದೆವು. ಅವನು ವರ್ಷಗಟ್ಟಲೆ ಒದ್ದಾಡಿ ಮಾಡಿದ ಹೊಸ ಲೇಪದ ಬಿಲ್ಲೆ ಇದ್ದದ್ದು ಒಂದೇ. ಅದು ಗೆದ್ದರೆ ಅವನ ಲೇಪದ ಕೆಲಸ ಉಳಿಯುತ್ತಿತ್ತು.

ಆಯುಧಪೂಜೆಯ ದಿನ ಫರ್ನೇಸಿಗೆ ವಿಭೂತಿ ಬಳಿಯುವವನು ನಾನು. ಗೆಳೆಯ ಕಿರುಚುವುದನ್ನು ನೋಡೋಣವೆಂದು ಅವನ ಬಿಲ್ಲೆಗೂ ಮೂರು ಗೆರೆ ಎಳೆದೆ. ಅಷ್ಟರಲ್ಲಿ ಸಾಹೇಬರ ಬೂಟಿನ ಸದ್ದು. ಟವೆಲಿನಿಂದ ಒರೆಸಿಬಿಟ್ಟೆ. ಬಿಲ್ಲೆ ಮೊದಲಿನಂತೆಯೇ ಕಂಡಿತು. ಬೆರಳು ತಾಗಿದರೂ ಸ್ಪಿರಿಟ್ಟಿನಲ್ಲಿ ತೊಳೆಯಬೇಕೆಂಬುದು ನನಗೆ ಗೊತ್ತಿತ್ತು. ತೊಳೆದರೆ ಯಾಕೆಂದು ಕೇಳುತ್ತಾರಲ್ಲ ಎಂದು ಹಾಗೇ ಇಟ್ಟುಬಿಟ್ಟೆ.

ಕೆಲವು ದಿನಗಳಾದ ಮೇಲೆ, ಹೊರಗೆ ತೆಗೆದ ಬಿಲ್ಲೆ ಆರುತ್ತಾ ಟಿಕ್ ಟಿಕ್ ಎಂದಿತು. ಪೊರೆ ಸಿಡಿದು ಉದುರುತ್ತಿತ್ತು, ಒರೆಸಿದರೂ ವಿಭೂತಿಯ ಉಪ್ಪು ಉಳಿದು ಅದನ್ನು ಕೊರೆದಿದ್ದ ಕಡೆ ಮಾತ್ರ. ಮೂರು ಗೆರೆ. ನನ್ನ ಬೆರಳಿನಷ್ಟೇ ಅಗಲ.

ಗೆಳೆಯ ಕೈಮುಗಿದ. "ಶಿವನೇ ಬ್ಯಾಡ ಅಂದ್ಬಿಟ್ಟ ಕಣೋ."

ಬಿಲ್ಲೆಯನ್ನು ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದ್ದರೆ ಉಪ್ಪು ಕಂಡು ನನ್ನ ಬಣ್ಣ ಬಯಲಾಗುತ್ತಿತ್ತು. ದೇವರ ಗುರುತನ್ನು ಕೊಯ್ಯಲು ಅವನು ಬಿಡಲಿಲ್ಲ. ಸಾಹೇಬರು ಲೇಪ ಕೆಟ್ಟದ್ದೆಂದು ಬರೆದು ಅವನನ್ನು ಸ್ಟೋರಿಗೆ ಹಾಕಿದರು. ರಿಟೈರ್ ಆಗುವವರೆಗೂ ಬೋಲ್ಟು, ವಾಷರು ಕೊಡುತ್ತಾ ಕೂತ. ನಾನು ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ತಡೆಯಲಾರದೆ ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತಿದೆ. ಅವನ ಮನೆಯ ದೇವರ ಗೂಡಿನಲ್ಲಿ, ಲ್ಯಾಬಿನಿಂದ ಕೇಳಿ ತಂದಿದ್ದ ಆ ಬಿಲ್ಲೆ ಹೂವು ಮುಡಿದು ಕೂತಿತ್ತು. ನನ್ನ ಮೂರು ಬೆರಳು ನನ್ನನ್ನೇ ನೋಡುತ್ತಿದ್ದವು.

"ಲೇ, ಆ ಗೆರೆ ಎಳ್ದಿದ್ದು ನಾನು ಕಣೋ. ನಿನ್ ಕೋಟಿಂಗು ಚೆನ್ನಾಗೇ ಇತ್ತು," ಎಂದೆ.

ಅವನು ಹೊಟ್ಟೆ ಹಿಡಿದು ನಕ್ಕು, ಹೆಂಡತಿಯನ್ನು ಕೂಗಿದ. "ನೋಡೇ ಇವನ್ನ! ಊರಲ್ಲಿ ಆಗಿದ್ದೆಲ್ಲಾ ತಾನೇ ಮಾಡಿದ್ದು ಅಂತಿದ್ದ. ಈಗ ಶಿವನ್ ಕೆಲ್ಸಾನೂ ತನ್ದೇ ಅಂತೆ!"

"ಆಣೆ ಮಾಡ್ತೀನಿ ಕಣೋ."

"ನಿನ್ ಆಣೆ ಗೊತ್ತಿಲ್ವಾ? ಹಾವು ಕಚ್ತು ಅಂತ ಆಣೆ ಮಾಡಿ ರಜ ತಗಂಡೋನಲ್ವೇನೋ ನೀನು?"

ಬೆರಳನ್ನು ಗೆರೆಗಳ ಮೇಲಿಟ್ಟು ತೋರಿಸಲು ಕೈ ಚಾಚಿದೆ. "ಕೈ ತೊಳೀದೆ ಮುಟ್ಬ್ಯಾಡಲೇ!" ಎಂದು ತಳ್ಳಿದ. ಆಮೇಲೆ ವಿಭೂತಿ ನೆನೆಸಿ, ಮೂರು ಬೆರಳಲ್ಲಿ ನನ್ನ ಹಣೆಗೆ ಎಳೆದ.

ಮನೆಗೆ ಬರುವಷ್ಟರಲ್ಲಿ ಬಿಸಿಲಿಳಿದಿತ್ತು. ತಗಡಿನ ಮಾಡು ಟಿಕ್ ಟಿಕ್ ಶುರು ಮಾಡಿತ್ತು. ಈ ಸಲ ವಿಭೂತಿಯನ್ನು ಬರೀ ಒರೆಸಿ ಬಿಡಲಿಲ್ಲ, ನೀರು ಸುರಿದು ತೊಳೆದೆ. ಗೆರೆ ಇದ್ದ ಕಡೆ ಹಣೆ ಇನ್ನೂ ಚುರುಗುಟ್ಟುತ್ತಿತ್ತು.