ನೆರಳಿಗೆ ಜರುಗಿಸಿದ ಸ್ಕೂಟರ್

ನಲವತ್ತು ದಾಟಿದ ಮೇಲೆ ಎಂ.ಎ. ಮಾಡಲು ಹೊರಟಾಗ ಓದು ತಲೆಗೆ ಹತ್ತುತ್ತದೆಯೇ ಎಂದು ಎಲ್ಲರೂ ಕೇಳಿದರು. ನನ್ನ ತಲೆಗೆ ಮೊದಲು ಹತ್ತಿದ್ದು ಓದಲ್ಲ, ಗಾಡಿ ನಿಲ್ಲಿಸುವ ಜಾಗ. ಹಳಿಯಾಳದ ನಮ್ಮ ಮನೆಯಿಂದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಆದರೆ ಒಳಗೆ ಹೋಗಿ ಗಾಡಿ ನಿಲ್ಲಿಸಿ ಕ್ಲಾಸಿನ ಬಾಗಿಲು ಮುಟ್ಟುವ ಹೊತ್ತಿಗೆ ಇನ್ನೊಂದು ಹದಿನೈದು ನಿಮಿಷ ಕಳೆದಿರುತ್ತಿತ್ತು. ಯಾಕೆಂದರೆ ದಾರಿಯುದ್ದಕ್ಕೂ ನನಗೆ ನೋಡುವುದು ಬಹಳ ಇರುತ್ತಿತ್ತು.

ವಿಭಾಗದ ಮುಖ್ಯಸ್ಥರಿಗೆ ಮೀಸಲು ಎಂದು ಬರೆದ ತಗಡಿನ ಮಾಡಿನ ಕೆಳಗೆ ಯಾವಾಗಲೂ ಒಂದು ನಾಯಿ ಮಲಗಿರುತ್ತಿತ್ತು. ಮುಖ್ಯಸ್ಥರು ಬರುತ್ತಿದ್ದದ್ದು ಬಸ್ಸಿಗೆ. ಉಳಿದ ಪ್ರಾಧ್ಯಾಪಕರು ಕಾರಿನ ಮೂತಿಯನ್ನು ಗೇಟಿನ ಕಡೆಗೇ ತಿರುಗಿಸಿ ನಿಲ್ಲಿಸುತ್ತಿದ್ದರು, ಕೊನೆಯ ಗಂಟೆ ಆದದ್ದೇ ತಡ ಹೊರಟುಬಿಡುವವರಂತೆ. ಜೋಯಿಡಾ ಕಡೆಯ ಹುಡುಗರು ಒಂದು ಬೈಕಿಗೆ ಮೂವರು ಬಂದು, ಇಬ್ಬರು ಗೇಟಿನ ಹೊರಗೇ ಇಳಿದು ಏನೂ ತಿಳಿಯದವರಂತೆ ನಡೆದು ಒಳಗೆ ಬರುತ್ತಿದ್ದರು. ಗ್ರಂಥಾಲಯಕ್ಕೆ ಹೋಗಲು ಚೆಂದದ ಡಾಂಬರು ರಸ್ತೆ ಇದ್ದರೂ ಒಬ್ಬರೂ ಅದನ್ನು ತುಳಿಯುತ್ತಿರಲಿಲ್ಲ. ಎಲ್ಲರೂ ಹುಲ್ಲಿನ ನಡುವೆ ಬಿದ್ದ ಕಾಲುದಾರಿಯಲ್ಲೇ ಅಡ್ಡ ಹಾಯುತ್ತಿದ್ದರು. ಆ ದಾರಿಯಲ್ಲಿ ಮೊದಲು ಕಾಲಿಟ್ಟವರು ಯಾರಿರಬಹುದು ಎಂದು ನಾನು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೇನೆ.

ವಾಹನ ನಿಲ್ಲಿಸುವಲ್ಲಿ ಸಾಲಾಗಿ ಕಲ್ಲುಗಳಿದ್ದವು. ಅವುಗಳ ಒಳಗೇ ಯಾಕೆ ನಿಲ್ಲಿಸಬೇಕು ಎಂದು ವಾಚ್‌ಮನ್ ಕಾಕಾ ಅವರನ್ನು ಕೇಳಿದೆ.

“ಆ ಕಲ್ಲು ನಾ ಇಟ್ಟಿದ್ದಲ್ರೀ ಅಕ್ಕಾರ,” ಎಂದರು ಅವರು. “ಯಾರ ಇಟ್ಟಾರ ಅಂತ ನನಗೂ ಗೊತ್ತಿಲ್ಲ. ಆದ್ರ ಯಾರರ ದಾಟಿಸಿ ನಿಲ್ಲಿಸಿದ್ರ ಬೈಸಿಕೊಳ್ಳೂದು ನಾನ.”

ಮನೆಗೆ ಬಂದು ಇದನ್ನು ಹೇಳಿದರೆ ನಮ್ಮೆಜಮಾನರು, “ನಿನಗ್ಯಾಕ ಊರ ಉಸಾಬರಿ? ಓದಾಕ ಹೊಂಟೀಯೋ, ಕಲ್ಲು ಎಣಸಾಕೋ?” ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಗಾಡಿ ನಿಲ್ಲಿಸುವುದೆಂದರೆ ಇವರಿಗೆಲ್ಲ ಏನೂ ಅಲ್ಲ. ನಾನು ಬೆಳೆದದ್ದೇ ಅದನ್ನು ನೋಡುತ್ತ.

ದಾಂಡೇಲಿಯ ಮಿಲ್ಲಿನಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ. ಊಟದ ಡಬ್ಬಿ ಕೊಡಲು ಹೋದಾಗ ಗೇಟಿನ ಎದುರು ಪಾಳಿ ಬದಲಾಗುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಹೋಗುವವರು ಇನ್ನೂ ಹೊರಗೆ ಬಂದಿರುತ್ತಿರಲಿಲ್ಲ, ಬರುವವರು ಬಂದಾಗಿರುತ್ತಿತ್ತು, ಸ್ಟ್ಯಾಂಡಿನಲ್ಲಿ ಸೂಜಿ ಊರಲೂ ಜಾಗವಿರುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಯಾರೂ ಹ್ಯಾಂಡಲ್ ಲಾಕ್ ಮಾಡುತ್ತಿರಲಿಲ್ಲ, ಗೇರಿನಲ್ಲೂ ಬಿಡುತ್ತಿರಲಿಲ್ಲ. ಬಂದವನು ನಿಂತ ಗಾಡಿಯನ್ನು ಹಿಂದಕ್ಕೆ, ನೆರಳಿದ್ದಲ್ಲಿಗೆ ಜರುಗಿಸಿ ತನ್ನದನ್ನು ಅಲ್ಲಿ ನಿಲ್ಲಿಸುತ್ತಿದ್ದ. ಹೊರಗೆ ಬಂದವನು ತನ್ನ ಗಾಡಿ ಕಾಣದಿದ್ದರೆ ಗಾಬರಿಯಾಗದೆ ಹಿಂದೆ ಹೋಗಿ ನೋಡುತ್ತಿದ್ದ. ಯಾರ ಗಾಡಿಯನ್ನು ಯಾರು ಮುಟ್ಟಿದರೂ ಒಂದು ಮಾತು ಬರುತ್ತಿರಲಿಲ್ಲ.

ನಾನು ಗಾಡಿ ಕಲಿತಾಗ ಅಪ್ಪ ಹೇಳಿದ್ದು ಇಷ್ಟೇ: “ಲಾಕ್ ಹಾಕಬ್ಯಾಡವ್ವಾ. ಹಿಂದ ಬಂದವರು ಏನ್ ಮಾಡಬೇಕು? ಬಿಸಲಾಗ ಇದ್ದದ್ದ ಕಂಡ್ರ ನೆರಳಿಗೆ ತಳ್ಳು, ಪುಣ್ಯಾ ಬರತೈತಿ.”

ಕ್ಲಾಸಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು ಮುಂಡಗೋಡ ತಾಲೂಕಿನ ಪಾಳಾದ ಹುಡುಗಿ. ದಿನಾ ಎರಡು ಬಸ್ಸು ಹತ್ತಿಳಿದು ಬರುತ್ತಿದ್ದಳು. ನನಗಿಂತ ಹದಿನೆಂಟು ವರ್ಷ ಚಿಕ್ಕವಳು, ಆದರೆ ನಾನು ತಪ್ಪಿಸಿಕೊಂಡ ಪಾಠವನ್ನೆಲ್ಲ ತಾಯಿಯಂತೆ ಕೂಡಿಸಿಕೊಂಡು ಹೇಳಿಕೊಡುತ್ತಿದ್ದಳು. ಅವಳ ಊರಿನ ಹತ್ತಿರದ ವಸತಿಶಾಲೆಯೊಂದರಲ್ಲಿ ಅವಳಿಗೆ ಕೆಲಸ ಗಟ್ಟಿಯಾಗಿತ್ತು. ಷರತ್ತು ಒಂದೇ: ಈ ಸಲವೇ ಎಲ್ಲ ಪೇಪರ್ ಪಾಸಾಗಿರಬೇಕು, ಜೂನ್‌ ತನಕ ಮಾತ್ರ ಕಾಯುತ್ತೇವೆ ಎಂದು ಅಲ್ಲಿಯ ಮುಖ್ಯೋಪಾಧ್ಯಾಯಿನಿ ಹೇಳಿದ್ದರು. “ಇದೊಂದ ಪೇಪರ್ ಉಳದೈತ್ರಿ ಅಕ್ಕಾರ, ಆಮ್ಯಾಲೆ ನಾ ಬಾಯಾರ,” ಎಂದು ಕೊನೆಯ ಪರೀಕ್ಷೆಯ ಹಿಂದಿನ ದಿನ ನಕ್ಕಿದ್ದಳು. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಆ ಮಾತನ್ನು ಅವಳು ರುಚಿ ನೋಡುವವಳಂತೆ ಎರಡು ಸಲ ಹೇಳಿದಳು.

ಮರುದಿನ ನಾನು ಕ್ಯಾಂಪಸ್ ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷವಿತ್ತು. ಪರೀಕ್ಷೆ ಹತ್ತಕ್ಕೆ. ಕಲ್ಲಿನ ಒಳಗೆಲ್ಲ ಗಾಡಿ ತುಂಬಿಹೋಗಿದ್ದವು. ಬಿಸಿಲಿಗೆ ನಿಂತಿದ್ದ ಒಂದು ನೀಲಿ ಸ್ಕೂಟರಿನ ಹ್ಯಾಂಡಲ್ ಹಿಡಿದು ನೋಡಿದೆ, ಲಾಕ್ ಇರಲಿಲ್ಲ. ಲಾಕ್ ಇಲ್ಲವೆಂದರೆ ಜರುಗಿಸಬಹುದು ಎಂದೇ ನನ್ನ ಲೆಕ್ಕ. ಅದನ್ನು ತಳ್ಳಿಕೊಂಡು ಹೋಗಿ ನೀರಿನ ಟಾಕಿಯ ಹಿಂದೆ, ಒಳ್ಳೇ ನೆರಳಿನಲ್ಲಿ ನಿಲ್ಲಿಸಿ ಬಂದೆ. ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ನನ್ನ ಗಾಡಿಯನ್ನು ಆ ಜಾಗದಲ್ಲಿ ನಿಲ್ಲಿಸಿ ಮೊದಲ ಮಹಡಿಗೆ ಓಡಿದೆ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ ಪಾಳಾದ ಹುಡುಗಿಯ ಜಾಗ ಖಾಲಿ ಇತ್ತು. ಬಸ್ಸು ತಡವಾಗಿರಬಹುದು ಎಂದುಕೊಂಡೆ. ಹತ್ತೂವರೆಯ ತನಕ ಒಳಗೆ ಬಿಡುತ್ತಾರೆ, ಆಮೇಲೆ ದೇವರು ಬಂದರೂ ಬಿಡುವುದಿಲ್ಲ. ಮೊದಲ ಪ್ರಶ್ನೆ ಚಿಕ್ಕದು, ಬೇಗ ಮುಗಿಯಿತು. ತಲೆಯೆತ್ತಿದರೆ ಗೋಡೆಯ ಗಡಿಯಾರದಲ್ಲಿ ಹತ್ತೂ ಹದಿನೈದು. ಸುಮ್ಮನೆ ಕಿಟಕಿಯಿಂದ ಕೆಳಗೆ ನೋಡಿದೆ.

ಅವಳು ನನ್ನ ಸ್ಕೂಟರಿನ ಮುಂದೆ ನಿಂತಿದ್ದಳು. ಇಲ್ಲೇ ಇತ್ತು, ಇಲ್ಲೇ ಇತ್ತು ಎಂದು ವಾಚ್‌ಮನ್ ಕಾಕಾಗೆ ಕೈ ಮಾಡಿ ತೋರಿಸುತ್ತಿದ್ದಳು. ಇಬ್ಬರೂ ಒಂದೊಂದೇ ಗಾಡಿ ನೋಡುತ್ತ ಗೇಟಿನ ಕಡೆ ಹೋದರು. ಬಸ್ಸು ತಪ್ಪಬಾರದೆಂದು ಅವಳು ಅಂದು ಯಾರದೋ ಸ್ಕೂಟರ್ ತಂದಿದ್ದಾಳೆ, ನಾನು ಜರುಗಿಸಿದ್ದು ಅದನ್ನೇ ಎಂದು ಯಾರೂ ಹೇಳದೆ ತಿಳಿಯಿತು. ಹಾಲ್ ಟಿಕೆಟ್ಟನ್ನು ಅವಳು ಯಾವಾಗಲೂ ಚೀಲದಲ್ಲೇ ಇಡುತ್ತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಅದು ಸ್ಕೂಟರಿನ ಡಿಕ್ಕಿಯಲ್ಲೇ ಇರಬೇಕು.

ಆಗ ನಾನು ಏಳಬೇಕಿತ್ತು. ಎದ್ದು ಹೊರಗೆ ಹೋದರೆ ಉತ್ತರಪತ್ರಿಕೆ ಕೊಟ್ಟೇ ಹೋಗಬೇಕು. ಕೂಗಿದರೆ ನಕಲು ಎಂದು ಬರೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಕಾದು ಬಂದವಳು ನಾನು. ಕಾಕಾ ಇದ್ದಾರಲ್ಲ, ಟಾಕಿಯ ಹಿಂದೆ ನೋಡದೆ ಇರುತ್ತಾರೆಯೇ, ಇನ್ನೇನು ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲದೆ ಎರಡನೇ ಪ್ರಶ್ನೆ ನನಗೆ ಬಾಯಿಪಾಠವಿತ್ತು. ಪೆನ್ನು ಎತ್ತಿಕೊಂಡೆ.

ಬರೆದು ಮುಗಿಸಿ ಮತ್ತೆ ನೋಡಿದಾಗ ಅವಳು ಸ್ಟ್ಯಾಂಡಿನ ನಡುವೆ ಒಬ್ಬಳೇ ನಿಂತಿದ್ದಳು. ಹತ್ತೂವರೆಗೆ ಎರಡು ನಿಮಿಷವಿತ್ತು. ಕಿಟಕಿಗೆ ಬಾಯಿಟ್ಟು, ಮಿಲ್ಲಿನ ಗೇಟಿನಲ್ಲಿ ಅಪ್ಪನನ್ನು ಕರೆಯುತ್ತಿದ್ದಷ್ಟೇ ದೊಡ್ಡ ದನಿಯಲ್ಲಿ, “ಟಾಕಿ ಹಿಂದ ಐತಿ ನೋಡವ್ವಾ,” ಎಂದು ಕೂಗಿದೆ.

ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಮೇಲ್ವಿಚಾರಕರು ಓಡಿ ಬಂದರು. “ಏನ್ ಹಚ್ಚೀರಿ ಇದು? ಈ ವಯಸ್ಸಿನ್ಯಾಗ ನಿಮಗ ಹೇಳಿಕೊಡಬೇಕೇನ್ರಿ?” ಎಂದರು. ಎಲ್ಲವನ್ನೂ ಹೇಳಿದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಕೂಡ್ರಿ ಎಂದಷ್ಟೇ ಹೇಳಿದರು. ನಾನು ಹೆದರಿದ್ದು ಸುಮ್ಮನೆ ಆಗಿತ್ತು.

ಅವಳು ಬಾಗಿಲಿಗೆ ಬಂದಾಗ ಹತ್ತೂ ಮೂವತ್ತಮೂರು. ಏದುಸಿರು ಬಿಡುತ್ತ ಹಾಲ್ ಟಿಕೆಟ್ ಹಿಡಿದು ನಿಂತಿದ್ದಳು. ನಾನು ಎದ್ದು ನಿಂತು ಕೈ ಮುಗಿದೆ. ಮೇಲ್ವಿಚಾರಕರು ಕೆಳಗಿನ ಆಫೀಸಿಗೂ ಹೋಗಿ ಕೇಳಿ ಬಂದರು, ಪಾಪ. ಆಗಲಿಲ್ಲ. ಉಳಿದ ಪ್ರಶ್ನೆಗಳಿಗೆ ಏನು ಬರೆದೆನೋ ನನಗೆ ನೆನಪಿಲ್ಲ.

ಒಂದು ಗಂಟೆಗೆ ಕೆಳಗೆ ಬಂದಾಗ ಅವಳು ಟಾಕಿಯ ಹಿಂದೆ ಸ್ಕೂಟರಿನ ಮೇಲೆ ಕೂತಿದ್ದಳು. ಅತ್ತು ಮುಗಿದಿತ್ತು. ಶಾಲೆಗೆ ಫೋನ್ ಮಾಡಿದ್ದಳಂತೆ.

“ಬ್ಯಾರೆಯವರನ್ನ ನೋಡ್ತೇನಿ ಅಂದ್ರು,” ಎಂದಳು.

“ಗಾಡಿ ಜರುಗಿಸಿದಾಕಿ ನಾನವ್ವಾ,” ಎಂದೆ. “ನಿಂದು ಅಂತ ಗೊತ್ತಿರಲಿಲ್ಲ. ಬಿಸಲಾಗ ನಿಂತೈತಿ ಅಂತ ತಳ್ಳಿದೆ. ತಪ್ಪಾತು.”

“ಹೋಗಲಿ ಬಿಡ್ರಿ ಅಕ್ಕಾರ. ನೀವರ ಬೇಕಂತ ಮಾಡೀರೇನು? ಅಣ್ಣನ ಗಾಡಿಗೆ ಲಾಕ ಇಲ್ಲ, ಕೆಟ್ಟೈತಿ. ಬೋರ್ಡಿನ್ಯಾಗ ಸೀಟಿನ ನಂಬರ್ ನೋಡಿ ಬರೂಣು ಅಂತ ಚೀಲ ಡಿಕ್ಕ್ಯಾಗ ಬಿಟ್ಟು ಹೋಗಿದ್ದೆ. ನಂದೂ ತಪ್ಪ.”

ಹಾಗೆ ಹೇಳಿ ಸೆರಗಿನಂತೆ ವೇಲ್ ಎಳೆದು ಮುಖ ಒರೆಸಿಕೊಂಡಳು. ಆಮೇಲೆ ಏನೋ ಹೊಳೆದಂತೆ ಕೇಳಿದಳು.

“ಅಕ್ಕಾರ, ನೀವು ಕಿಟಕ್ಯಾಗಿಂದ ನನ್ನ ಯಾವಾಗ ನೋಡಿದ್ರಿ?”

ಆಗ ತಾನೇ ನೋಡಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು ಕೂಡ.

“ಹತ್ತೂ ಹದಿನೈದಕ್ಕ,” ಎಂದೆ.

ಅವಳು ಲೆಕ್ಕ ಹಾಕುವುದು ಕಣ್ಣಲ್ಲೇ ಕಾಣಿಸಿತು. “ಕೂಗೂ ತನಕ ಏನ ಮಾಡಿದ್ರಿ?”

“ಎರಡನೇ ಪ್ರಶ್ನೆ ಬರದೆ.”

ಅವಳು ಬೈಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಹೊರಡುವ ಮುನ್ನ ಒಂದು ಮಾತು ಕೇಳಿದಳು. ಚುಚ್ಚಬೇಕೆಂದು ಕೇಳಿದ್ದಲ್ಲ. ಪರೀಕ್ಷೆ ಮುಗಿಸಿ ಬಂದವರನ್ನು ಎಲ್ಲರೂ ಕೇಳುವ ಮಾತು ಅದು.

“ಚೊಲೊ ಬರದೀರೇನ್ರಿ?”

ಹ್ಞೂ ಎಂದೆ. ಆ ಉತ್ತರವನ್ನು ನಾನು ನಿಜವಾಗಿಯೂ ಚೆನ್ನಾಗಿ ಬರೆದಿದ್ದೆ.