ಮಮ್ಮಾನ ಹೆಣಿಗೆ

ಬಹರೈನಿನ ರಾಜಧಾನಿ ಮನಾಮದ ಮಸೀದಿಗಳಲ್ಲಿ ಬೆಳಗಿನ ಬಾಂಗು ಮುಗಿದಿದೆ, ಬೆಳಕು ಮಾತ್ರ ಇನ್ನೂ ಹರಿದಿಲ್ಲ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಅಡುಗೆಮನೆಯಲ್ಲಿ ಒಂದೇ ದೀಪ. ಅದರ ಕೆಳಗೆ ಐವತ್ತೆರಡರ ಬೆನೆಡಿಕ್ಟಾ ಕಲ್ಲಿನ ಮೇಜಿನ ಮೇಲೆ ಮೈದಾ ಗುಡ್ಡೆ ಹಾಕಿ, ನಡುವೆ ಬಾವಿ ತೋಡಿ, ಒಂದೊಂದೇ ಮೊಟ್ಟೆ ಒಡೆದು ಬಿಡುತ್ತಿದ್ದಾರೆ. ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ, ಕೊನೆಗೆ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಸುಮ್ಮನೆ ಕೂರುತ್ತಾರೆ.

"ಅವಸರ ಮಾಡಿದ್ರೆ ಆಗುದಿಲ್ಲ ಮಾರಾಯ್ರೆ. ಸಣ್ಣ ಮಗು ಇದ್ದ ಹಾಗೆ ಇದು. ನಿದ್ದೆ ಆದ ಮೇಲೆಯೇ ಹೇಳಿದ ಮಾತು ಕೇಳುದು."

ದಿನಕ್ಕೆ ಆರು ಕಿಲೋ ಮೈದಾ, ಅರವತ್ತು ಮೊಟ್ಟೆ, ನಾನೂರು ರವಿಯೋಲಿ. ಶುಕ್ರವಾರ ಏಳುನೂರು. ರವಿಯೋಲಿ ಎಂದರೆ ಒಳಗೆ ಪಾಲಕ್ಕು, ಮೆದು ಚೀಸು ತುಂಬಿ, ಅಂಚು ಮುಚ್ಚಿ ಕುದಿನೀರಿಗೆ ಬಿಡುವ ಇಟಲಿಯ ಪುಟ್ಟ ಕಡುಬು. ಮೇಲಿನ ಮಹಡಿಯಲ್ಲಿ ಅದನ್ನು ಸವಿಯುವವರು ಇಟಲಿಯ ಯಾರೋ ಬಾಣಸಿಗನನ್ನು ಹೊಗಳುತ್ತಾರೆ. ಮೆನುವಿನಲ್ಲಿರುವ ಹೆಸರೂ ಹಾಗೆಯೇ: 'ಮಮ್ಮಾನ ಹೆಣಿಗೆಯ ರವಿಯೋಲಿ'. ಇಟಲಿಯಲ್ಲಿ ತಾಯಿಯನ್ನು ಕರೆಯುವುದು ಮಮ್ಮಾ ಎಂದು.

ಕಿನ್ನಿಗೋಳಿಯ ಬೆನೆಡಿಕ್ಟಾ ಬಹರೈನಿಗೆ ಬಂದದ್ದು ಎಂಬತ್ತನಾಲ್ಕರಲ್ಲಿ, ಸಲ್ಮಾಬಾದಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಗಂಡ ಓಸ್ವಾಲ್ಡ್ ಕರೆಸಿಕೊಂಡಾಗ. ಮನಾಮದ ಸೆಗಯಾ ಬಡಾವಣೆಯ ಎರಡು ಕೋಣೆಯ ಮನೆ ಅಂದಿನದೇ. ಹೋಟೆಲಿನಲ್ಲಿ ಮೊದಲೆರಡು ವರ್ಷ ತರಕಾರಿ ತೊಳೆದರು; ತಣ್ಣೀರಿಗೆ ಬೆರಳುಗಳು ಬಿರಿದು, ಮನೆಯಲ್ಲಿ ಗಂಡನೇ ಅನ್ನ ಬಸಿಯಬೇಕಾಯಿತು. ಒಂದು ದಿನ ಅಡುಗೆಯ ಮುಖ್ಯಸ್ಥ, ಇಟಲಿಯ ರೆನಾತೊ, ಅವರ ಕೈಗೆ ಲಟ್ಟಣಿಗೆ ಕೊಟ್ಟ.

ಎಂಬತ್ತೆಂಟರ ಕ್ರಿಸ್ಮಸ್ ವಾರ. ಇನ್ನೂರು ಮಂದಿಯ ಔತಣ. ಹೂರಣ ತುಸು ನೀರಾಗಿ, ಫೋರ್ಕಿನಿಂದ ಒತ್ತಿದ ಅಂಚೆಲ್ಲ ಕುದಿನೀರಿನಲ್ಲಿ ಬಾಯಿಬಿಡತೊಡಗಿತು. ಬೆನೆಡಿಕ್ಟಾ ಯಾರನ್ನೂ ಕೇಳಲಿಲ್ಲ. ಊರಿನಲ್ಲಿ ಕ್ರಿಸ್ಮಸ್ಸಿಗೆ ಮಾಡುವ ನೆವ್ರಿ ಎಂಬ ಸಿಹಿ ಕರ್ಜಿಕಾಯಿಯ ಅಂಚನ್ನು ತಾಯಿ ಹೇಗೆ ಹೆಬ್ಬೆರಳಿನಿಂದ ಜಡೆಯಂತೆ ಹೆಣೆಯುತ್ತಿದ್ದರೋ ಹಾಗೆ ಹೆಣೆದು ಬಿಟ್ಟರು. ಒಂದೂ ಒಡೆಯಲಿಲ್ಲ. ರೆನಾತೊ ನೋಡಿದ. ಮೇಲೆ ಹೋಗಿ ಅತಿಥಿಗಳಿಗೆ, "ಇದು ನಮ್ಮೂರಿನಲ್ಲಿ ನನ್ನ ಮಮ್ಮಾನ ಹೆಣಿಗೆ" ಎಂದನಂತೆ. ಮಾಣಿಗಳು ಬಂದು ಹೇಳಿದಾಗ ಬೆನೆಡಿಕ್ಟಾ ಅದನ್ನು ನಂಬಿಬಿಟ್ಟರು.

ಅಂದಿನಿಂದ ಅವರಿಗೊಂದು ಕನಸು ಅಂಟಿಕೊಂಡಿತು. ಏಳು ಸಮುದ್ರದಾಚೆ ಯಾವುದೋ ಗುಡ್ಡದ ಮೇಲೆ ಒಬ್ಬ ಮುದುಕಿ ಕೂತಿದ್ದಾಳೆ. ಅವಳ ಹೆಬ್ಬೆರಳು ತನ್ನ ತಾಯಿಯ ಹೆಬ್ಬೆರಳಿನಂತೆಯೇ ಆಡುತ್ತಿದೆ. ಹೇಗೆ ಸಾಧ್ಯ? ಆ ಕೈಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ರೆನಾತೊ ಊರಿಗೆ ಮರಳಿ, ಓರ್ವಿಯೆಟೊ ಎಂಬ ಹಳೆಯ ಪಟ್ಟಣದ ಬಳಿ ಸಣ್ಣ ಊಟದ ಮನೆ ತೆರೆದು, ಹೊಸ ದ್ರಾಕ್ಷಾರಸದ ಕಾಲಕ್ಕೆ ಬನ್ನಿರೆಂದು ಬರೆದ. ಎರಡು ವರ್ಷಕ್ಕೊಮ್ಮೆ ಕಂಪನಿ ಕೊಡುವ ಊರಿನ ಟಿಕೆಟನ್ನು ಬೆನೆಡಿಕ್ಟಾ ತೊಂಬತ್ತೈದರ ನವೆಂಬರಿನಲ್ಲಿ ರೋಮಿಗೆ ಬದಲಾಯಿಸಿಕೊಂಡರು.

"ರೋಮಿಗೆ ಹೋದವರು ಇಗರ್ಜಿ ನೋಡ್ತಾರೆ. ನೀನು ಮುದುಕಿಯ ಹೆಬ್ಬೆರಳು ನೋಡ್ಲಿಕ್ಕೆ ಹೋಗುದಾ?" ಎಂದು ಓಸ್ವಾಲ್ಡ್ ನಕ್ಕರು. ರಜೆ ಸಿಗದ ಅವರು ಇಲ್ಲೇ ಉಳಿದರು.

ಮಂಜಿನ ಮೇಲೆ ಹಡಗಿನಂತೆ ತೇಲುವ ಪಟ್ಟಣ. ಕಪ್ಪು ಬಿಳುಪು ಪಟ್ಟೆಯ ಏಳುನೂರು ವರ್ಷದ ಇಗರ್ಜಿ. ಅದರ ಕಲ್ಲಿಗೆ ಕೆನ್ನೆ ಒತ್ತಿ ನಿಂತದ್ದನ್ನು ಹೇಳುವಾಗ ಬೆನೆಡಿಕ್ಟಾರ ದನಿ ಇಳಿಯುತ್ತದೆ. ಊರಿನ ಅಡಿಯಲ್ಲೆಲ್ಲ ಬಂಡೆ ಕೊರೆದ ಗವಿಗಳು. ದ್ರಾಕ್ಷಾರಸದ ಪೀಪಾಯಿಗಳು ಅಲ್ಲಿ ಕತ್ತಲಲ್ಲಿ ಮಲಗಿರುತ್ತವೆ. ಹೊಸ ಎಣ್ಣೆ ಸುರಿದ ಸುಟ್ಟ ರೊಟ್ಟಿ, ಬೆಂಕಿಯಲ್ಲಿ ಸಿಡಿಸಿದ ಚೆಸ್ಟ್‌ನಟ್, ನೇರಳೆ ಬಣ್ಣದ ಹೊಸ ವೈನು.

"ಚೆಸ್ಟ್‌ನಟ್ ಎಂದ್ರೆ ಸುಟ್ಟ ಹಲಸಿನ ಬೀಜದ ತಂಗಿ. ವೈನು ನಾವು ಮನೆಯಲ್ಲಿ ಭರಣಿಯಲ್ಲಿ ಮಾಡುದರ ಹಾಗೆ ಸಿಹಿ ಅಲ್ಲ, ನಾಲಿಗೆಗೆ ಸ್ವಲ್ಪ ಚುರುಕು. ನಮಗೆ ಸೆಪ್ಟೆಂಬರಿನಲ್ಲಿ ಹೊಸ ಅಕ್ಕಿಯ ಹಬ್ಬ ಉಂಟಲ್ಲ, ಅವರಿಗೆ ಅದು ಹಾಗೆ. ಎರಡು ಗ್ಲಾಸು ಕುಡ್ದೆ. ಇವರಿಗೆ ಒಂದು ಅಂತ ಹೇಳಿದ್ದೇನೆ, ಬರೀಬೇಡಿ!"

ಮೂರನೆಯ ದಿನ, ರೆನಾತೊನ ಎಂಬತ್ತಾರು ವರ್ಷದ ಮಮ್ಮಾನ ಅಡುಗೆಮನೆ. ಮುದುಕಿ ರವಿಯೋಲಿಗೆ ಹೂರಣ ಇಟ್ಟರು, ಮಡಚಿದರು, ಫೋರ್ಕಿನಿಂದ ಟಕಟಕನೆ ಒತ್ತಿ ಮುಗಿಸಿದರು. ಹೆಣಿಗೆಯೇ ಇಲ್ಲ! ಬೆನೆಡಿಕ್ಟಾ ತಾವೊಂದು ಹೆಣೆದು ತೋರಿಸಿದರು. ಮುದುಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಂಥದ್ದನ್ನು ಈ ಊರಿನಲ್ಲಿ ಯಾರೂ ಮಾಡುವುದಿಲ್ಲ ಎಂದರು. ಅದನ್ನು ತರ್ಜುಮೆ ಮಾಡಿ ರೆನಾತೊ ತಲೆ ತಗ್ಗಿಸಿದ.

"ಏಳು ವರ್ಷ ಊರಿಗೆಲ್ಲ ಸುಳ್ಳು ತಿನ್ನಿಸಿದೆನಾ ಅಂತ ಆಯ್ತು ನನಗೆ. ಇನ್ನು ಯಾವ ಮುಖ ಇಟ್ಕೊಂಡು ಆ ಮೇಜಿನ ಮುಂದೆ ನಿಲ್ಲುದು?"

ಮಮ್ಮಾ ಅದನ್ನು ಕುದಿನೀರಿಗೆ ಬಿಟ್ಟರು. ತೆಗೆದರು. ಕಣ್ಣು ಮುಚ್ಚಿ ಜಗಿದರು. ಆಮೇಲೆ ಸೌಟಿನಿಂದ ಮಗನ ಭುಜಕ್ಕೊಂದು ಕೊಟ್ಟು, ಬೆನೆಡಿಕ್ಟಾರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಗಂಟುಕಟ್ಟಿದ ತಮ್ಮ ಹೆಬ್ಬೆರಳನ್ನು ಮುಂದೆ ಚಾಚಿದರು. ಕಲಿಸು ಎಂದು! ಮಧ್ಯಾಹ್ನದವರೆಗೆ ಇಬ್ಬರೂ ಕೂತು ಹೆಣೆದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಡುನಡುವೆ ಹೊಸ ವೈನು ಇತ್ತು.

ಈಗ ಹಿಟ್ಟಿನ ಡಬ್ಬಿಗಳ ಮೇಲೆ ಒಂದು ಫೋಟೋ ಅಂಟಿಸಿದೆ. ರೆನಾತೊನ ಊಟದ ಮನೆಯ ಕರಿಹಲಗೆ. ಅದರಲ್ಲಿ ಸೀಮೆಸುಣ್ಣದ ಅಕ್ಷರ: 'ಬೆನೆಡಿಕ್ಟಾಳ ಹೆಣಿಗೆ'. ಅದನ್ನು ಕಂಡ ಇಲ್ಲಿಯ ಮ್ಯಾನೇಜರ್ ಹೋಟೆಲಿನ ಮೆನುವಿನಲ್ಲೂ ಹೆಸರು ತಿದ್ದಿಸೋಣವೆಂದರು. ಬೆನೆಡಿಕ್ಟಾ ಬೇಡವೆಂದರು. ಓಸ್ವಾಲ್ಡರಿಗೆ ಒಂದು ನವೆಂಬರಿನಲ್ಲಿ ರಜೆ ಸಿಕ್ಕಿದರೆ ಸಾಕು, ಗವಿಯ ಬಾಗಿಲಲ್ಲಿ ಕೂತು ಇಬ್ಬರೂ ಚೆಸ್ಟ್‌ನಟ್ ಸುಲಿಯಬೇಕು. ಅವರಿಗಿರುವ ಆಸೆ ಅಷ್ಟೇ.

ಒದ್ದೆ ಬಟ್ಟೆ ಸರಿಸುತ್ತಾರೆ. ಹಿಟ್ಟಿನ ನಿದ್ದೆ ಮುಗಿದಿದೆ.

"ಮಮ್ಮಾನ ಹೆಣಿಗೆ ಅಂತ ಉಂಟಲ್ಲ, ಇರ್ಲಿ. ನನ್ನ ಅಮ್ಮ ಕಲಿಸಿದ್ದೇ ಅಲ್ವಾ ಅದು? ಮೆನು ಸರಿಯಾಗಿಯೇ ಉಂಟು."